ಆರು ತಂತಿಯ ಬಾಗಿಲು

ಸಿಂದಗಿಯ ಹೆಣ್ಣುಮಕ್ಕಳ ಶಾಲೆಗೆ ಶಿಕ್ಷಕಿಯಾಗಿ ಹೋದಾಗ ನಾನು ಬಾಡಿಗೆಗೆ ಹಿಡಿದದ್ದು ಒಂದು ಹಳೆಯ ವಾಡೆಯ ಮೂಲೆಯ ಕೋಣೆ. ಅರವತ್ತರ ದಶಕದ ಮೊದಲ ವರ್ಷಗಳು. ವಾಡೆಯ ಒಡೆಯರು ಯಾವಾಗಲೋ ಸೊಲ್ಲಾಪುರ ಸೇರಿದ್ದರು. ಒಳಗೆ ನಾವು ಆರು ಮನೆಯವರು, ಎಲ್ಲರಿಗೂ ಸೇರಿ ಒಂದೇ ಹೆಬ್ಬಾಗಿಲು. ಅದು ಆನೆ ಹೋಗುವಷ್ಟು ದೊಡ್ಡದು. ಅದನ್ನು ಪೂರ್ತಿ ತೆರೆದದ್ದನ್ನು ನಾನು ಒಮ್ಮೆಯೂ ನೋಡಲಿಲ್ಲ. ಅದರ ಒಂದು ಕದದೊಳಗೆ ತಲೆ ಬಗ್ಗಿಸಿ ದಾಟುವಂಥ ಸಣ್ಣ ದಿಡ್ಡಿ ಬಾಗಿಲಿತ್ತು. ನಮ್ಮೆಲ್ಲರ ಹೋಗಿಬರುವಿಕೆ ಅದರಲ್ಲೇ.

ನಾನು ಬರುವ ಮೊದಲು ಆ ದಿಡ್ಡಿ ಹಗಲೆಲ್ಲ ತೆರೆದೇ ಇರುತ್ತಿತ್ತಂತೆ. ಒಂದು ದಿನ ಯಾರೋ ಒಳಹೊಕ್ಕು ಮೂರು ಮನೆಯ ತಾಮ್ರದ ಹಂಡೆ ಹೊತ್ತುಕೊಂಡು ಹೋದರು. ಅಂದಿನಿಂದ ಬಾಗಿಲಿಗೆ ಅಗಳಿ ಬಿತ್ತು, ಮನೆಮನೆಗೆ ಜಗಳ ಹತ್ತಿತು. ಬಾಗಿಲು ಬಡಿದರೆ ಯಾರೂ ಏಳರು. ದರ್ಜಿಯ ಹೆಂಡತಿ, ಕಂಪೌಂಡರ ಮನೆಗೆ ಬಂದಿದ್ದಾರೆ ಎಂದು ಸುಮ್ಮನೆ ಕೂತಳು. ಕಂಪೌಂಡರ ಹೆಂಡತಿ, ದರ್ಜಿಯ ಗಿರಾಕಿ ಇರಬೇಕು ಎಂದು ಕೂತಳು. ಬಂದವನು ಬಡಿದು ಬಡಿದು ಬೈದುಕೊಂಡು ಹೋದ. ಯಾರು ಯಾರಿಗಾಗಿ ಮೆಟ್ಟಿಲಿಳಿದು ಹೋಗಬೇಕು ಎಂಬುದೇ ದೊಡ್ಡ ಮಾನದ ಪ್ರಶ್ನೆಯಾಯಿತು.

ಇದಕ್ಕೆ ಮದ್ದು ಹುಡುಕಿದವರು ವಾಡೆಯಲ್ಲೇ ಇದ್ದ ಸೈಕಲ್ ರಿಪೇರಿಯವರು. ಅವರನ್ನು ಎಲ್ಲರೂ ಮಾಮಾ ಎನ್ನುತ್ತಿದ್ದೆವು. ಹಳೆಯ ಸೈಕಲ್ಲುಗಳ ಗಂಟೆ ಬಿಚ್ಚಿ ಒಂದೊಂದು ಮನೆಯ ಮುಂದೆ ಒಂದೊಂದು ಜಡಿದರು. ಅದರ ತಂತಿಯನ್ನು ತೊಲೆಯಗುಂಟ ಎಳೆದು ಬಾಗಿಲ ಹೊರಗೆ ಇಳಿಬಿಟ್ಟರು. ಹೊರಗೆ ಆರು ತಂತಿ. ಹೆಸರು ಬರೆದರೆ ಓದುವವರು ಯಾರು? ಆದ್ದರಿಂದ ಒಂದೊಂದರ ತುದಿಗೆ ಒಂದೊಂದು ವಸ್ತು ಕಟ್ಟಿದರು. ದರ್ಜಿಗೆ ದಾರದ ಉರುಳೆ, ಕಂಪೌಂಡರಿಗೆ ಔಷಧದ ಬಾಟಲಿಯ ಬಿರಡೆ, ತಮಗೆ ಪೆಡಲಿನ ರಬ್ಬರು. ನಾನು ಬಂದ ಮೇಲೆ ನನಗೆ ಹುಡುಗರು ಬರೆಯುವ ಪಾಟಿ ಒಡೆದು ಉಳಿದ ಕಟ್ಟಿಗೆಯ ಚೂರು ಬಂತು. ಬಾಗಿಲ ಪಕ್ಕದಲ್ಲಿ ಸೀಮೆಎಣ್ಣೆ ಸುರಿಯುವ ಲಾಳಿಕೆಯೊಂದನ್ನು ಗೋಡೆಗೆ ಹುಗಿದು, ಅದಕ್ಕೆ ತಗಡಿನ ಕೊಳವೆ ಜೋಡಿಸಿ, ಅಟ್ಟದ ಮೆಟ್ಟಿಲ ತಲೆಯವರೆಗೆ ಒಯ್ದರು. ಕೆಳಗಿನವನು ಲಾಳಿಕೆಗೆ ಬಾಯಿಟ್ಟರೆ ಮೇಲೆ ಕೇಳಬೇಕು, ಮೇಲಿನವರು ಹೇಳಿದ್ದು ಕೆಳಗೆ ಕೇಳಬೇಕು. ದಿಡ್ಡಿಯ ಚಿಲಕಕ್ಕೂ ಒಂದು ತಂತಿ. ಅದರ ಹಿಡಿ ಜಗ್ಗಿದರೆ ಕೆಳಗೆ ಚಿಲಕ ತಾನೇ ಏಳುತ್ತಿತ್ತು.

ಆ ಮೆಟ್ಟಿಲ ತಲೆಯಲ್ಲಿ ಮಾಮಾನ ತಾಯಿ ಕೂಡುತ್ತಿದ್ದರು. ನಾವು ಅವರಿಗೆ ಬಡೀಮಾ ಎನ್ನುತ್ತಿದ್ದೆವು. ಮೊಣಕಾಲು ಹಿಡಿದು ಓಡಾಟ ನಿಂತಿತ್ತು. ಮುಂಜಾನೆಯ ನಮಾಜು ಮುಗಿಸಿ, ಮೊರದ ತುಂಬ ಕಾಳು ಇಟ್ಟುಕೊಂಡು, ಬಲಗೈ ಹತ್ತಿರ ಚಿಲಕದ ಹಿಡಿ, ಎಡಗಿವಿ ಹತ್ತಿರ ಕೊಳವೆಯ ಬಾಯಿ ಇಟ್ಟುಕೊಂಡು ಕೂತರೆಂದರೆ ವಾಡೆಯೊಳಗೆ ಇರುವೆ ಬರಬೇಕಾದರೂ ಅವರನ್ನು ಕೇಳಿಯೇ ಬರಬೇಕು. ಯಾರ ಮನೆಯ ಗಂಟೆ ಬಾರಿಸಿತೋ ಆ ಮನೆಯವರು ತಮ್ಮ ಪಡಸಾಲೆಯಿಂದ “ಹೂಂ ಬಡೀಮಾ” ಎಂದರೆ ಮಾತ್ರ ಹಿಡಿ ಜಗ್ಗುವರು. ಹೂಂ ಅನ್ನದಿದ್ದರೆ ಬಂದವನು ತಾಲೂಕಿನ ಸಾಹೇಬನಾದರೂ ಹೊರಗಿನ ಕಟ್ಟೆಯೇ ಗತಿ.

ಹಳ್ಳಿಯಿಂದ ಬಂದವರು ಆ ಬಾಗಿಲ ಮುಂದೆ ಪಟ್ಟ ಪಾಡು ನೆನೆದರೆ ಈಗಲೂ ನಗು ಬರುತ್ತದೆ. ಇಂಡಿಯಿಂದ ಲಿಂಬೆಹಣ್ಣಿನ ಬುಟ್ಟಿ ಹೊತ್ತು ಬಂದ ದರ್ಜಿಯ ಬೀಗರೊಬ್ಬರು ಆರೂ ತಂತಿಗಳನ್ನು ಒಟ್ಟಿಗೆ ಹಿಡಿದು ಜಗ್ಗಿ, ಗುಡಿಯಲ್ಲಿ ಮಾಡಿದಂತೆ ಕಣ್ಣಿಗೊತ್ತಿಕೊಂಡು ನಿಂತಿದ್ದರು. ಇನ್ನೊಬ್ಬರು ಲಾಳಿಕೆಗೆ ಕಿವಿಯನ್ನೇ ಇಟ್ಟುಕೊಂಡು ಅದರೊಳಗೆ ಮಾತಾಡಲು ಹೆಣಗಿದರು. ಯಾರು ಎಂದು ಕೇಳಿದರೆ ನಮ್ಮ ಕಡೆಯವರ ಉತ್ತರ ಒಂದೇ: “ನಾನ.” ತನ್ನ ದನಿ ಜಗತ್ತಿಗೆಲ್ಲ ಗೊತ್ತಿದೆ ಎಂಬ ಧೈರ್ಯ.

“ನಾನ ಅಂದ್ರ ಯಾರಪಾ? ಈ ಊರಾಗ ಎಲ್ಲಾರೂ ನಾನ ಅದಾರ,” ಎಂದು ಬಡೀಮಾ ಕಾಳು ಆರಿಸುತ್ತಲೇ ಕೇಳುತ್ತಿದ್ದರು.

ನಾನು ನೌಕರಿಗೆ ಬರಲು ಸಾಧ್ಯವಾದದ್ದೇ ಈ ಬಾಗಿಲಿನಿಂದ. ನನ್ನ ಊರು ಇಂಗಳೇಶ್ವರ. ಅವ್ವ ನಾನು ಚಿಕ್ಕವಳಿದ್ದಾಗಲೇ ಹೋದಳು. ಅಪ್ಪ ಒಕ್ಕಲುತನದವನು, ಮಾತು ಕಡಿಮೆ. ದಿನಕ್ಕೆ ಹತ್ತು ಮಾತು ಆಡಿದರೆ ಅದರಲ್ಲಿ ಆರು ಎತ್ತಿನ ಜೊತೆ. ನಾನು ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾಗಿ, ವಿಜಾಪುರದಲ್ಲಿ ಎರಡು ವರ್ಷ ತರಬೇತಿ ಮುಗಿಸಿ, ಆರ್ಡರು ಕೈಯಲ್ಲಿ ಹಿಡಿದು ನಿಂತಾಗ, ಒಬ್ಬಳೇ ಹುಡುಗಿ ಪರಊರಲ್ಲಿ ಹೇಗಿರುತ್ತಾಳೆ ಎಂದು ಊರೆಲ್ಲ ಮಾತಾಡಿತು. ಅಪ್ಪ ಒಂದೂ ಮಾತಾಡದೆ ನನ್ನ ಜೊತೆ ಸಿಂದಗಿಗೆ ಬಂದ. ಮೂರು ಮನೆ ನೋಡಿದ. ನಾಲ್ಕನೆಯದಾಗಿ ಈ ವಾಡೆಗೆ ಬಂದು, ಲಾಳಿಕೆ ತಂತಿ ಎಲ್ಲ ನೋಡಿ, ಮೆಟ್ಟಿಲು ಹತ್ತಿ ಬಡೀಮಾರಿಗೆ ಕೈಮುಗಿದು ಹೇಳಿದ:

“ಅಮ್ಮಾರ, ನನ್ನ ಮಗಳು ಹೂಂ ಅನ್ನದ ಯಾರಿಗೂ ಬಾಗಲಾ ತಗೀಬ್ಯಾಡ್ರಿ.”

“ಯಾರಿಗೂ ತಗ್ಯಾಂಗಿಲ್ಲ ಬಿಡ್ರಿ ಅಣ್ಣಾರ,” ಎಂದರು ಬಡೀಮಾ.

ಅಷ್ಟೇ. ಅಪ್ಪ ಮರುಬಸ್ಸಿಗೆ ಹೋದ. ನಾನು ಆ ಊರಿನಲ್ಲಿ ಎಲ್ಲರ ಬಾಯಲ್ಲಿ ‘ಅಕ್ಕೋರು’ ಆದೆ. ನಮ್ಮ ಕಡೆ ಕಲಿಸುವ ಹೆಂಗಸಿಗೆ ಅದೇ ಹೆಸರು. ಒಂದನೆಯ ಇಯತ್ತೆಯ ಹುಡುಗಿಯರು ನಾನು ಬರೆದ ಅಕ್ಷರದ ಮೇಲೆ ಬೆರಳಾಡಿಸುವಾಗ ನನಗೆ ಆಗುತ್ತಿದ್ದ ಸಂತೋಷವನ್ನು ಮುಚ್ಚಿಟ್ಟು ಹೇಳಲಾರೆ. ನಾನು ಹುಟ್ಟಿದ್ದು ಇದಕ್ಕೇ ಎನಿಸಿತ್ತು. ಅದು ನನಗೆ ಸಿಕ್ಕಿತ್ತು, ವರ್ಷಕ್ಕೂ ಮೇಲೆ ಸುಖವಾಗಿದ್ದೆ.

ಎರಡನೆಯ ವರ್ಷದ ನಾಗರಪಂಚಮಿಗೆ ಶಾಲೆಯ ತಪಾಸಣೆ ಬಂದದ್ದರಿಂದ ಊರಿಗೆ ಹೋಗಲಾಗಲಿಲ್ಲ. ಹಬ್ಬ ಮುಗಿದು ಎಂಟು ದಿನಕ್ಕೆ ಅಪ್ಪನ ಕಾರ್ಡು ಬಂತು. ಯಾರ ಕೈಯಲ್ಲೋ ಬರೆಸಿದ್ದ, ಸಹಿ ಮಾತ್ರ ಅವನದು. ಹೂವಿನ ಹಿಪ್ಪರಗಿಯ ಅತ್ತೆ, ಅಂದರೆ ಅಪ್ಪನ ಅಕ್ಕ, ಹಬ್ಬಕ್ಕೆ ಬಂದಿದ್ದಳು. ಅವಳ ಮಗನಿಗೆ ನನ್ನನ್ನು ಕೊಟ್ಟಾಗಿದೆ. ಬರುವ ಶನಿವಾರ ಬಂದು ಕರೆದೊಯ್ಯುತ್ತೇನೆ, ಶಾಲೆಗೆ ರಾಜೀನಾಮೆ ಬರೆದಿಟ್ಟಿರು. ಇಷ್ಟೇ ಒಕ್ಕಣೆ.

ಅತ್ತೆಯ ಮಗ ಕೆಟ್ಟವನಲ್ಲ. ಹೆಂಡತಿ ಸತ್ತು ವರ್ಷವಾಗಿತ್ತು, ಎರಡು ಮಕ್ಕಳಿದ್ದವು. ಆದರೆ ಆ ಮನೆಯಲ್ಲಿ ಹೆಣ್ಣುಮಕ್ಕಳು ನೌಕರಿ ಮಾಡುವ ಮಾತೇ ಇರಲಿಲ್ಲ. ಹೋದೆನೆಂದರೆ ನನ್ನ ಕೈಯ ಖಡು, ಆ ಬರೆಯುವ ಸೀಮೆಸುಣ್ಣ, ಅಲ್ಲಿಗೆ ಮುಗಿಯಿತು. ಕಾರ್ಡು ಓದಿ ನನ್ನ ಮೈಯೆಲ್ಲ ಉರಿಯಿತು. ನಾನು ಮೊದಲಿನಿಂದಲೂ ಸಿಟ್ಟಿನವಳು. ಹೆಡ್‌ಮಾಸ್ತರರ ಜೊತೆಗೂ ವಾದ ಹಾಕಿದವಳು. ಆದರೆ ಅಪ್ಪನ ಎದುರು ನಾಲಿಗೆ ಏಳುತ್ತಿರಲಿಲ್ಲ, ಅವನು ಎಂದೂ ಬೈದವನಲ್ಲ ಎಂಬುದೇ ಅದಕ್ಕೆ ಕಾರಣ. ರಾಜೀನಾಮೆ ಮೂರು ಸಲ ಬರೆದೆ, ಮೂರು ಸಲ ಹರಿದೆ. ಆಮೇಲೆ ಮೆಟ್ಟಿಲ ತಲೆಗೆ ಹೋಗಿ ಬಡೀಮಾರ ಮುಂದೆ ಕೂತು ಎಲ್ಲ ಹೇಳಿ ಅತ್ತುಬಿಟ್ಟೆ.

“ನಿನ್ನ ಮನಸಿನಾಗ ಏನೈತಿ?” ಎಂದರು.

“ಸಾಲಿ ಬಿಡಾಂಗಿಲ್ಲ ಬಡೀಮಾ.”

“ಹಂಗಂತ ಅಪ್ಪಗ ಹೇಳು.”

“ಹೇಳಾಕ ಆಗೂದಿಲ್ಲ.”

“ಹೇಳಾಕೂ ಆಗೂದಿಲ್ಲ, ಬಿಡಾಕೂ ಆಗೂದಿಲ್ಲ. ಹಂಗಾದ್ರ ಸುಮ್ಮನ ಯಾಕ ಅಳ್ತಿ? ತಗೋ, ಕಾಳು ಆರಿಸು.” ಮೊರ ನನ್ನ ಕಡೆ ನೂಕಿದರು. ನನಗೆ ಅವರ ಮೇಲೂ ಸಿಟ್ಟು ಬಂತು. ಕಾಳು ಆರಿಸಿದೆ.

ಶನಿವಾರ ಶಾಲೆ ಮುಂಜಾನೆ ಮಾತ್ರ. ಹನ್ನೊಂದಕ್ಕೆ ಮನೆಗೆ ಬಂದೆ. ಅಡುಗೆ ಬೇಡವಾಗಿತ್ತು. ಗಂಡಸರೆಲ್ಲ ಕೆಲಸಕ್ಕೆ ಹೋಗಿದ್ದರು, ಹೆಂಗಸರು ಹಿತ್ತಲ ಬಾವಿಯ ಕಟ್ಟೆಯಲ್ಲಿ ಬಟ್ಟೆ ಒಗೆಯುತ್ತಿದ್ದರು. ನಾನು ಬಡೀಮಾರ ಹತ್ತಿರ ಹೋಗಿ ಕೂತೆ. ಶ್ರಾವಣದ ಮೋಡವೆಲ್ಲ ಒಡೆದು ಹೊರಗೆ ಬಿಸಿಲು ಸುಡುತ್ತಿತ್ತು. ನಮ್ಮೂರ ಕಡೆಯವರು ಹತ್ತುವ ಬಾಗೇವಾಡಿಯ ಬಸ್ಸು ಬರುವ ಹೊತ್ತು ದಾಟಿ ಸ್ವಲ್ಪ ಹೊತ್ತಿಗೆ ನನ್ನ ಗಂಟೆ ಕಿಣಿಕ್ಕೆಂದಿತು.

ಬಡೀಮಾ ನನ್ನ ಮುಖ ನೋಡಿದರು. ನಾನು ಹೂಂ ಅನ್ನಲಿಲ್ಲ. ಅವರು ಕೊಳವೆಗೆ ಬಾಯಿಟ್ಟರು.

“ಯಾರ್ರೀ?”

“ನಾನ.”

“ನಾನ ಅಂದ್ರ?”

“ಅಕ್ಕೋರ ಅಪ್ಪ ಅದೇನ್ರಿ. ಇಂಗಳೇಶ್ವರದಾಂವ.”

ಅಪ್ಪನ ದನಿ ಆ ತಗಡಿನೊಳಗಿಂದ ಬಂದಾಗ ಬೇರೆ ಯಾರದೋ ಎನಿಸಿತು. ಬಡೀಮಾ ಮತ್ತೆ ನನ್ನ ಕಡೆ ನೋಡಿದರು. ನಾನು ತಲೆ ತಗ್ಗಿಸಿದೆ. ಐದು ಹೊತ್ತು ನಮಾಜು ಮಾಡುವ ಹೆಂಗಸು, ಸುಳ್ಳು ಅವರ ಬಾಯಲ್ಲಿ ಬಾರದು. ಹೀಗೆಂದರು:

“ಅಕ್ಕೋರು ಇನ್ನೂ ಹೂಂ ಅಂದಿಲ್ರಿ ಅಣ್ಣಾರ. ಆಕಿ ಹೂಂ ಅನ್ನದ ತಗೀಬ್ಯಾಡ್ರಿ ಅಂತ ನೀವ ಹೇಳಿ ಹೋಗೀರಿ.”

ಸಿಟ್ಟಾಗಿ ಬಾಗಿಲು ಗುದ್ದುತ್ತಾನೆ ಎಂದುಕೊಂಡೆ. ಅಪ್ಪ ಕಟ್ಟೆಯ ಮೇಲೆ ಕೂತ ಸಪ್ಪಳ ಕೇಳಿತು, ಕೋಲು ಒರಗಿಸಿದ್ದು ಕೇಳಿತು. ಆಮೇಲೆ, ಜನ್ಮದಲ್ಲಿ ನನ್ನೊಂದಿಗೆ ಒಟ್ಟಿಗೆ ನಾಲ್ಕು ಮಾತು ಆಡದ ಮನುಷ್ಯ, ಗೋಡೆಯೊಳಗಿನ ಆ ಲಾಳಿಕೆಯೊಂದಿಗೆ ಮಾತಾಡತೊಡಗಿದ.

“ಚಲೋ ಆತ್ರಿ ಅಮ್ಮಾರ. ಇಲ್ಲಿ ತನಾ ಬಸ್ಸಿನ್ಯಾಗ ಏನ ಬೇಡಕೋಂತ ಬಂದೆ ಗೊತ್ತೇನ್ರಿ? ಬಸ್ಸು ಕೆಟ್ಟ ನಿಲ್ಲಲಿ ಅಂತ ಬೇಡಕೊಂಡೆ. ಕೆಡಲಿಲ್ಲ.”

“ಮಗಳನ್ನ ಕರಕೊಂಡ ಹೋಗಾಕ ಬಂದೀರಿ, ಮತ್ತ ಹಿಂಗ ಬೇಡಕೊಂಡ್ರ ಹೆಂಗ್ರಿ?”

“ಏನ ಮಾಡ್ಲಿ. ಪಂಚಮಿ ಮುಗಿಸಿ ಅಕ್ಕ ಹೊಂಟ ನಿಂತ್ಲು. ಉಡಿ ತುಂಬಾಕ ಹೋದ್ರ ಸೆರಗ ಹಿಂದಕ ಎಳಕೊಂಡ್ಲು. ಅಕ್ಕಿ ಕೊಬ್ಬರಿ ನನಗ ಬ್ಯಾಡ, ನಿನ್ನ ಮಗಳನ್ನ ಹಾಕು ನನ್ನ ಉಡ್ಯಾಗ ಅಂದ್ಲು. ಓಣಿ ಮಂದಿ ಎಲ್ಲಾ ನೋಡಾಕತ್ತಿತ್ತು. ಅಕ್ಕನ್ನ ತವರಿಂದ ಬರೀ ಉಡೀಲೆ ಹೆಂಗ ಕಳಸ್ಲಿ? ಹಾಕೇನಿ ಅಂದೆ.”

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಪಂಚಮಿಗೆ ತವರಿಗೆ ಬಂದ ಹೆಣ್ಣುಮಗಳು ಹೊರಡುವಾಗ ಅವಳ ಸೆರಗಿನ ಮಡಿಲಿಗೆ ಅಕ್ಕಿ, ಕೊಬ್ಬರಿ, ಕುಪ್ಪಸದ ಬಟ್ಟೆ ಹಾಕಿ ಕಳಿಸಬೇಕು. ಅವಳು ಬೇಡವೆಂದು ಸೆರಗು ಎಳೆದುಕೊಂಡರೆ ತಮ್ಮನಾದವನಿಗೆ ಅದಕ್ಕಿಂತ ದೊಡ್ಡ ಅವಮಾನ ಇಲ್ಲ. ಅತ್ತೆಗೆ ಅದು ಚೆನ್ನಾಗಿ ಗೊತ್ತಿತ್ತು.

“ಆಕಿ ಸಾಲಿ ಕಲಿಸೂದನ್ನ ನಾ ಒಮ್ಮೆ ನೋಡೇನ್ರಿ,” ಎಂದ ಅಪ್ಪ. “ಸಂತಿಗೆ ಬಂದಾಂವ ಕಿಡಕಿ ಕಡೆ ನಿಂತೆ. ಆಕಿಗೆ ಗೊತ್ತಿಲ್ಲ. ಅಷ್ಟು ಹುಡುಗ್ಯಾರು ಆಕಿ ಅಂದಂಗ ಅನ್ನಾಕತ್ತಿದ್ರು. ನಮ್ಮ ಮನಿತನದಾಗ ನಾಕು ಮಂದಿ ಮುಂದ ನಿಂತ ಮಾತಾಡಿದ ಹೆಣಮಗಳು ಇಲ್ರಿ. ಅಷ್ಟ ಯಾಕ, ನಾನೂ ಮಾತಾಡಿಲ್ಲ.”

ನನಗೆ ತಡೆಯಲಾಗಲಿಲ್ಲ, ಬಿಕ್ಕಿದೆ. ಸೆರಗು ಬಾಯಿಗೆ ತುರುಕಿಕೊಂಡೆ. ಬಡೀಮಾರ ಕಣ್ಣುಗಳೂ ಒದ್ದೆಯಾಗಿದ್ದವು, ಆದರೆ ದನಿ ಅಲುಗಲಿಲ್ಲ.

“ಹಂಗಿದ್ರ ಬ್ಯಾಡ ಅಂತ ಅಕ್ಕಗ ಹೇಳಿ ಬಿಡ್ರಿ.”

“ಕೊಟ್ಟ ಮಾತು ನಾ ಹೆಂಗ ತಿರಗಿ ತಗೊಳ್ಳಿ? ನಾ ಮುರದ್ರ ಅಕ್ಕನ ಮುಖ ಮತ್ತ ನೋಡಾಂಗಿಲ್ಲ. ಕರಿಯಾಕ ಹೋದೆ, ಮೂರ ಸಲ ಕರದೆ, ಬಾಗಲಾ ತಗೀಲಿಲ್ಲ, ತಿರಗಿ ಬಂದೆ ಅಂದ್ರ ಬ್ಯಾರೆ ಮಾತು.”

ಹೌದು, ಅದು ಬೇರೆ ಮಾತು. ಕೊಟ್ಟ ಹೆಣ್ಣನ್ನು ಕರೆತರಲು ಹೋದವರು ಮುಚ್ಚಿದ ಬಾಗಿಲಿನಿಂದ ಮರಳಿದರೆ, ಋಣಾನುಬಂಧ ಇಲ್ಲ ಎಂದು ಹಿರಿಯರೇ ಆ ಮಾತನ್ನು ಅಲ್ಲಿಗೆ ಬಿಡುತ್ತಿದ್ದರು. ಗಂಡಿನ ಕಡೆಯವರಿಗೇ ಅಂಥ ಹೆಣ್ಣು ಬೇಡವಾಗುತ್ತಿತ್ತು. ಆಗ ಮಾತು ಮುರಿದವರು ಯಾರೂ ಅಲ್ಲ.

“ನೀರರ ಕುಡೀರಿ ಅಣ್ಣಾರ,” ಎಂದರು ಬಡೀಮಾ. “ಬಿಸಲು ಭಾಳ ಐತಿ. ನಿಮ್ಮ ಮಗಳ ಕೊಡದಾಗಿನ ನೀರ ಐತಿ, ಮ್ಯಾಲಿನ ಕಿಡಕ್ಯಾಗಿಂದ ಚರಗಿ ಇಳಿಬಿಡ್ತೇನಿ.”

ಅವರು ಹಾಗೆ ಬಿಡಿಸಿ ಹೇಳಿದ್ದು ಅಪ್ಪನಿಗೆ ಮುಜುಗರವಾಗದಿರಲಿ ಎಂದು. ಕಾಲ ಅಂಥದಿತ್ತು.

“ನಿಮ್ಮ ಕೊಡದ ನೀರಾದ್ರೂ ಕುಡೀತಿದ್ದೆ ಅಮ್ಮಾರ,” ಎಂದ ಅಪ್ಪ. “ಆದ್ರ ಇವತ್ತ ಬ್ಯಾಡ. ನೀರ ಕುಡದ್ರ ಮನಿಗೆ ಬಂದಂಗಾತು. ಬಾಗಲಾದಿಂದ ತಿರಗಿ ಬಂದೆ ಅಂತ ಹೆಂಗ ಹೇಳ್ಲಿ? ನನಗ ಸುಳ್ಳು ಬರೂದಿಲ್ಲ. ಬಾಗಲಾ ಖರೇನ ಮುಚ್ಚಿರಬೇಕು, ನಾ ಖರೇನ ಜಗ್ಗಿರಬೇಕು.”

ಅವನು ಎದ್ದ ಸಪ್ಪಳ ಕೇಳಿತು. ಆಗ ಬಡೀಮಾ ಒಂದು ಕೆಲಸ ಮಾಡಿದರು. ಚಿಲಕದ ಹಿಡಿಯನ್ನು ತಮ್ಮ ಕೈಯಿಂದ ಬಿಟ್ಟು ನನ್ನ ಕೈಗೆ ಕೊಟ್ಟರು. ನನ್ನ ಕಿವಿಯಲ್ಲಿ ಹೇಳಿದರು: “ನಿನ್ನ ಅಪ್ಪ, ನಿನ್ನ ಬಾಗಲಾ. ಇದು ನನ್ನ ಕೈಯಾಗ ಇರಬಾರದು.”

ಬಂದಾಗ ಜಗ್ಗಿದ್ದನ್ನು ಲೆಕ್ಕಕ್ಕೆ ಹಿಡಿಯದೆ ಅವನು ಹೊಸದಾಗಿ ಜಗ್ಗಿದ, ಗಂಟೆ ಬಾರಿಸಿತು. ನಾನು ಹಿಡಿಯನ್ನು ಬಿಗಿಯಾಗಿ ಹಿಡಿದೆ, ಜಗ್ಗಲಿಲ್ಲ. ಮುಂಜಾನೆ ಏನು ತಿಂದು ಹೊರಟಿದ್ದನೋ ಎಂಬ ಯೋಚನೆ ಬಂತು. ಬಾಗೇವಾಡಿಯವರೆಗೆ ನಡೆದೇ ಬಂದಿರುತ್ತಾನೆ. ಎರಡನೆಯ ಸಲ ಬಾರಿಸಿತು. ಒಂದು ಗೇಣು ಜಗ್ಗಿದರೆ ಚಿಲಕ ಏಳುತ್ತಿತ್ತು, ಅಪ್ಪ ನೆರಳಿಗೆ ಬರುತ್ತಿದ್ದ, ಒಂದು ಚರಿಗೆ ನೀರು ಕುಡಿಯುತ್ತಿದ್ದ, ನನ್ನ ಶಾಲೆ ಮುಗಿಯುತ್ತಿತ್ತು. ಮೂರನೆಯದು ಬಹಳ ತಡವಾಗಿ ಬಂತು. ಬಾರಿಸಿ ನಿಂತಿತು. ನಾನು ಜಗ್ಗಲಿಲ್ಲ.

“ಆತ್ರಿ ಅಮ್ಮಾರ, ಬರ್ತೇನಿ,” ಎಂದ. ಕೋಲಿನ ಸಪ್ಪಳ ದೂರ ಹೋಯಿತು. ಕಿಟಕಿಗೆ ಓಡಿದೆ. ಸುಡುವ ಬಿಸಿಲಿನಲ್ಲಿ ಅವನ ರುಮಾಲು ಬಸ್‌ಸ್ಟ್ಯಾಂಡಿನ ಕಡೆ ಹೋಗುತ್ತಿತ್ತು. ದಾರಿಯ ಮೇಲಿನ ಬಾವಿಯಲ್ಲಿ ಯಾರೋ ಹೆಂಗಸು ಕೊಡ ಬಗ್ಗಿಸಿ ಅವನ ಬೊಗಸೆಗೆ ನೀರು ಹಾಕಿದಳು. ಅವಳು ಯಾರೋ ನನಗೆ ಗೊತ್ತಿಲ್ಲ, ಅವಳ ಹೊಟ್ಟೆ ತಣ್ಣಗಿರಲಿ.

ಅಪ್ಪ ಅಲ್ಲಿಂದ ನೆಟ್ಟಗೆ ಹೂವಿನ ಹಿಪ್ಪರಗಿಯಲ್ಲಿ ಇಳಿದು ಅಕ್ಕನಿಗೆ ಹೇಳಿದ: ಹೋದೆ, ಮೂರು ಸಲ ಜಗ್ಗಿದೆ, ತೆಗೆಯಲಿಲ್ಲ. ಮಾತು ಅಲ್ಲಿಗೆ ನಿಂತಿತು. ಬೇಸಿಗೆಯ ಹೊತ್ತಿಗೆ ಅತ್ತೆಯ ಮಗನಿಗೆ ಮಸೂತಿ ಎಂಬ ಊರಿನ ಹೆಣ್ಣು ಬಂದಳು, ಆ ಮಕ್ಕಳನ್ನು ತನ್ನವೆಂದೇ ಸಾಕಿದಳು. ಆದರೆ ಊರು ಸುಮ್ಮನಿರುತ್ತದೆಯೇ? ನನಗೆ ‘ಅಪ್ಪಗ ಬಾಗಲಾ ತಗೀದಾಕಿ’ ಎಂದು ಹೆಸರಿಟ್ಟರು. ಅದು ನನಗೆ ಹತ್ತಿದ್ದು ಕಡಿಮೆ, ಅಪ್ಪನಿಗೆ ಹತ್ತಿದ್ದು ಹೆಚ್ಚು. ಸಂತೆಯಲ್ಲಿ, ಕಟ್ಟೆಯ ಮೇಲೆ, ಮಗಳ ಮನೆ ಬಾಗಿಲಲ್ಲಿ ನಾಯಿಯಂತೆ ಕೂತು ಬಂದವನೆಂದು ನಗುತ್ತಿದ್ದರಂತೆ. ಅವನು ಯಾರಿಗೂ ಉತ್ತರ ಕೊಡಲಿಲ್ಲ. ದೀಪಾವಳಿಗೆ ನಾನು ಹೋದಾಗ ನನ್ನೆದುರೂ ಆ ದಿನದ ಮಾತು ತೆಗೆಯಲಿಲ್ಲ. ನಾನೂ ತೆಗೆಯಲಿಲ್ಲ.

ನಾನು ಆ ನೌಕರಿಯಲ್ಲಿ ಮೂವತ್ತಕ್ಕೂ ಹೆಚ್ಚು ವರ್ಷ ಇದ್ದೆ. ಮುದ್ದೇಬಿಹಾಳದಲ್ಲಿ ಮುಖ್ಯೋಪಾಧ್ಯಾಯಿನಿಯಾಗಿ ನಿವೃತ್ತಳಾದೆ. ನನಗೆ ಬೇಕೆನಿಸಿದವರನ್ನು ಬೇಕೆನಿಸಿದಾಗ ಮದುವೆಯೂ ಆದೆ. ಇವೆಲ್ಲದರ ಹಿಂದೆ ಇಬ್ಬರಿದ್ದಾರೆ. ಮೊಣಕಾಲು ಹಿಡಿದ ಆ ಮುದುಕಿ, ಮತ್ತು ಬಿಸಿಲಲ್ಲಿ ಕೂತ ಆ ಮನುಷ್ಯ. ಇಬ್ಬರ ಉಪಕಾರವನ್ನೂ ನಾನು ತೀರಿಸಲಿಲ್ಲ, ತೀರಿಸುವಂಥದೂ ಅದಲ್ಲ.

ಬಾಗಿಲು ತೆರೆಯದ ಆ ಶನಿವಾರದ ಮರುವರ್ಷ ಪಂಚಮಿಗೆ ನಾನು ಊರಲ್ಲೇ ಇದ್ದೆ. ಅತ್ತೆಯೂ ಬಂದಳು. ಊಟಕ್ಕೆ ಕೂತಾಗ ಅವಳು ಹಳೆಯದನ್ನು ಕೆದಕಿದಳು, ನೀನು ಹೋಗಿಯೇ ಇರಲಿಕ್ಕಿಲ್ಲ, ಸುಳ್ಳು ಹೇಳಿದೆ ಎಂದು ಅಪ್ಪನನ್ನು ಹಂಗಿಸಿದಳು. ಅಪ್ಪ ತಾಟಿನ ಕಡೆ ನೋಡುತ್ತ “ಮೂರ ಸಲ ಜಗ್ಗೇನಿ ಅಕ್ಕಾ” ಎಂದ, ಅಷ್ಟೇ. ಸುಳ್ಳು ಬಾರದ ಮನುಷ್ಯ ಸುಳ್ಳುಗಾರನೆನ್ನಿಸಿಕೊಂಡು ಕೂತದ್ದನ್ನು ನನಗೆ ನೋಡಲಾಗಲಿಲ್ಲ.

“ಜಗ್ಯಾನ ಅತ್ತಿ. ನಾ ಒಳಗ ಇದ್ದೆ,” ಎಂದೆ. “ಗಂಟಿ ಮೂರೂ ಸಲ ಕೇಳೀನಿ. ತಗೀದಾಕಿ ನಾನ.”

ಅತ್ತೆಯ ಕೈಯಲ್ಲಿನ ತುತ್ತು ಹಾಗೇ ನಿಂತಿತು. ಅಪ್ಪ ತಲೆ ಎತ್ತಲಿಲ್ಲ. ತುತ್ತನ್ನು ತಾಟಿಗೆ ಇಳಿಸಿ ಅತ್ತೆ, “ಬಾಯಿಲೆ ಹೇಳಿದ್ರ ಆಗ್ತಿತ್ತಲ್ಲ ಹುಚ್ಚಿ. ವರ್ಷತನಾ ಸುಮ್ಮನ ಇಂವನ್ನ ಬೈದೆ,” ಎಂದಳು. ಮರುದಿನ ಹೊರಡುವಾಗ ನನ್ನ ಮುಂದೆಯೇ ಸೆರಗು ಒಡ್ಡಿದಳು. ನಾನೇ ಅವಳ ಉಡಿ ತುಂಬಿದೆ.

ಮೂರನೆಯ ದಿನ ಅಪ್ಪ ನನ್ನನ್ನು ಬಾಗೇವಾಡಿಗೆ ಕರೆತಂದು ಬಸ್ಸಿಗೆ ನಿಲ್ಲಿಸಿದ. ಬಸ್ಸಿನ ಧೂಳು ಕಂಡಾಗ ನನ್ನ ಗಂಟು ಕೈಗೆ ಕೊಡುತ್ತ ಹೇಳಿದ:

“ನೀ ಒಳಗ ಇದ್ದದ್ದು ನನಗ ಗೊತ್ತಿತ್ತು. ಬಿಕ್ಕಿದ್ದು ಆ ಲಾಳಿಕ್ಯಾಗ ಕೇಳಿತ್ತು.”

ಬಸ್ಸು ಬಂದು ನಿಂತಿತು, ಜನ ನೂಕಾಡುತ್ತಿದ್ದರು.

“ಮೂರನೇ ಸಲ ಜಗ್ಗಾಕ ಅಂಜಿ ಭಾಳ ಹೊತ್ತ ನಿಂತಿದ್ದೆವಾ,” ಎಂದ. “ನನ್ನ ಮ್ಯಾಗ ಕಕ್ಕುಲಾತಿ ಬಂದು ಎಲ್ಲಿ ತಗದ ಬಿಡ್ತಾಳೋ ಅಂತ.”